ಗಿಡ ಕಡಿಯುವ ಗುತ್ತಿಗೆದಾರರಿಗೆ ಸ್ವಂತ ಕ್ರೇನ್ ಬೇಕೇ, ಬಾಡಿಗೆಯದು ಸಾಕೇ?

ಪ್ರಶ್ನೆ: ಸರ್, ನಂದು ಕಲಬುರಗಿ. ಹನ್ನೊಂದು ವರ್ಷದಿಂದ ಗಿಡ ಕಡಿಯೋ ಗುತ್ತಿಗೆ ಮಾಡ್ಲಾಕತ್ತೀನಿ. ಮನಿ ಮ್ಯಾಲ ವಾಲಿದ ಬೇವಿನ ಗಿಡ, ಗಾಳಿಗೆ ಬಿದ್ದ ಗುಲ್‌ಮೊಹರ್, ಶಾಲಿ ಅಂಗಳದಾಗಿನ ಹಳೀ ಹುಣಸಿ ಗಿಡ, ಇಂಥವೇ ಕೆಲಸ. ನಾನು ಹಿಡಿದು ಆರು ಮಂದಿ ಇದ್ದೀವಿ, ಇಬ್ಬರು ಹಗ್ಗ ಕಟ್ಟಿ ಮ್ಯಾಲ ಹತ್ತತಾರ. ದೊಡ್ಡ ಬೊಡ್ಡಿ ಇದ್ದಲ್ಲಿ ಹೈಡ್ರಾ ಕ್ರೇನ್ ಬಾಡಿಗಿಗೆ ಕರಸ್ತೀನಿ. ತಾಸಿಗೆ 1,200 ರೂಪಾಯಿ, ಕಮ್ಮಿ ಅಂದ್ರ ನಾಲ್ಕು ತಾಸು, ಬಂದು ಹೋಗೋದಕ್ಕ 1,500 ಬ್ಯಾರೆ. ಹೋದ ವರ್ಷ 58 ಸಲ ಕರಸೀನಿ, ನಾಲ್ಕು ಲಕ್ಷ ಹೋಗ್ಯದ. ಟ್ರ್ಯಾಕ್ಟರ್ ಟ್ರಾಲಿ ಬಾಡಿಗಿ ಎರಡೂವರೆ ಲಕ್ಷ ಬ್ಯಾರೆ. ಮೇ ತಿಂಗಳದಾಗ ಗಾಳಿ-ಮಳಿ ಆದಾಗ ಹೈಡ್ರಾ ಸಿಗಲೇ ಇಲ್ಲ, ಮೂರು ಕೆಲಸ ಕೈ ಬಿಟ್ಟವು. ಹೊಸಾ 14 ಟನ್ನಿಂದು 26 ಲಕ್ಷ ಹೇಳ್ಯಾರ. 6 ಲಕ್ಷ ಕೈಯಿಂದ ಹಾಕಿ ಉಳಿದಿದ್ದು ಸಾಲ ಮಾಡಬೇಕು. ಇನ್ನೊಬ್ಬರು ಹಳೇದು ಎಂಟೂವರೆ ಲಕ್ಷಕ್ಕ ಕೊಡ್ತೀನಿ ಅಂತಾರ. ಖಾಲಿ ಇದ್ದಾಗ ಬಾಡಿಗಿಗೆ ಬಿಟ್ರ ಕಂತು ತಾನೇ ತುಂಬತದ ಅಂತ ಎಲ್ಲಾರೂ ಹೇಳ್ತಾರ. ಆರು ಲಕ್ಷಕ್ಕ ನಮ್ಮ ಮನಿಯಾಕಿ ತನ್ನ ಬಂಗಾರ ಇಡೋಣ ಅನ್ಲಾಕತ್ತಾಳ. ತಗೋಬೇಕೋ ಬ್ಯಾಡೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ವರ್ಷಕ್ಕೆ ನಾಲ್ಕು ಲಕ್ಷ ಬಾಡಿಗೆ ಹೋಗುತ್ತಿದೆ ಎನ್ನುವುದು ಒಂದು. ಬೇಕಾದ ದಿನ ಕ್ರೇನ್ ಸಿಗುತ್ತಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡಿ. ಮೊದಲನೆಯದಕ್ಕೆ ಕ್ರೇನ್ ಕೊಳ್ಳುವುದು ಮದ್ದಲ್ಲ. ಎರಡನೆಯದಕ್ಕೆ ಮದ್ದಿದೆ, ಆದರೆ ಅದಕ್ಕೆ 26 ಲಕ್ಷ ಬೇಕಾಗಿಲ್ಲ.

ನಾನು ಇಪ್ಪತ್ತೆರಡು ವರ್ಷ ಸೇಡಂ, ವಾಡಿ ಭಾಗದ ಕಾರ್ಖಾನೆಗಳಲ್ಲಿ ಭಾರ ಎತ್ತುವ ಯಂತ್ರಗಳ ಉಸ್ತುವಾರಿ ನೋಡಿದವನು. ಕ್ರೇನ್ ಕೊಂಡು ಮೇಲೆ ಬಂದವರನ್ನೂ ಕಂಡಿದ್ದೇನೆ, ಕ್ರೇನ್ ಕೊಂಡು ಹೊಲ ಮಾರಿದವರನ್ನೂ ಕಂಡಿದ್ದೇನೆ. ಎರಡೂ ಕಡೆಯವರು ಚೆನ್ನಾಗಿಯೇ ದುಡಿಯುವವರು. ಅವರ ನಡುವೆ ಇದ್ದ ವ್ಯತ್ಯಾಸ ತಿಂಗಳಿಗೆ ಯಂತ್ರ ಎಷ್ಟು ತಾಸು ನಡೆಯಿತು ಎನ್ನುವುದು ಮಾತ್ರ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

26 ಲಕ್ಷದಲ್ಲಿ 6 ಲಕ್ಷ ನಿಮ್ಮದು, 20 ಲಕ್ಷ ಸಾಲ. ಶೇ 11 ಬಡ್ಡಿ, ನಾಲ್ಕು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 51,700 ರೂಪಾಯಿ. ಕೆಲಸ ಇರಲಿ ಬಿಡಲಿ, ಆಪರೇಟರ್‌ಗೆ ಸಂಬಳ ಕೊಡಲೇಬೇಕು. ಅವನಿಗೆ 22,000, ಹೆಲ್ಪರ್‌ಗೆ 12,000 ಎಂದುಕೊಳ್ಳಿ. ವಿಮೆ, ತೆರಿಗೆ, ವರ್ಷದ ತಪಾಸಣೆ ಎಲ್ಲ ಹಂಚಿದರೆ ತಿಂಗಳಿಗೆ 6,000. ಟಯರು, ಹೈಡ್ರಾಲಿಕ್ ಪೈಪು, ವಾಯರ್ ರೋಪು, ಸರ್ವಿಸ್ ಇವುಗಳಿಗೆಂದು 10,000 ಎತ್ತಿಡದಿದ್ದರೆ ಎರಡನೇ ವರ್ಷ ಕೈಸಾಲ ಮಾಡಬೇಕಾಗುತ್ತದೆ. ಅಲ್ಲಿಗೆ ಒಂದು ಲಕ್ಷ ದಾಟಿತು. ಇದು ಯಂತ್ರ ಅಂಗಳದಲ್ಲಿ ಸುಮ್ಮನೆ ನಿಂತಿದ್ದರೂ ಆಗುವ ಖರ್ಚು.

ಸ್ವಂತ ಕ್ರೇನಿನಿಂದ ಉಳಿಯುವುದೆಷ್ಟು? ಬಾಡಿಗೆಯವನು ತಾಸಿಗೆ ತೆಗೆದುಕೊಳ್ಳುವ 1,200ರಲ್ಲಿ ಡೀಸೆಲ್ ಕೂಡ ಸೇರಿದೆ. ನಿಮ್ಮ ಯಂತ್ರಕ್ಕೆ ಡೀಸೆಲ್ ನೀವೇ ಹಾಕಬೇಕು. ತಾಸಿಗೆ ಐದು ಲೀಟರ್ ಎಂದರೂ 450 ರೂಪಾಯಿ ಹೋಗಿ ಉಳಿಯುವುದು 750. ಒಂದು ಲಕ್ಷವನ್ನು 750ರಿಂದ ಭಾಗಿಸಿದರೆ 130ಕ್ಕೂ ಹೆಚ್ಚು ತಾಸು. ಅಂದರೆ ತಿಂಗಳಿಗೆ 130 ತಾಸು ಕ್ರೇನ್ ಓಡಿದರೆ ನೀವು ಬಾಡಿಗೆಯವನಿಗೆ ಸರಿಸಮ. ಈಗ ನಿಮ್ಮ ಬಳಕೆ ನೋಡಿ. 58 ಸಲ, ಸರಾಸರಿ ನಾಲ್ಕೂವರೆ ತಾಸಿನಂತೆ ವರ್ಷಕ್ಕೆ 261 ತಾಸು, ತಿಂಗಳಿಗೆ 22.

ನಾಲ್ಕು ವರ್ಷದ ಮೇಲೆ ಯಂತ್ರ ನನ್ನದಾಗುತ್ತದಲ್ಲ, ಮಾರಿದರೆ ರೊಕ್ಕ ಬರುತ್ತದಲ್ಲ ಎಂದು ನೀವು ಕೇಳಬಹುದು. ಸರಿಯಾದ ಮಾತು. ಅರ್ಧ ಬೆಲೆಗೆ, 13 ಲಕ್ಷಕ್ಕೇ ಮಾರಿದಿರಿ ಎಂದು ಲೆಕ್ಕ ಹಾಕಿದೆ. ಆಗಲೂ ತಿಂಗಳಿಗೆ 115 ತಾಸಿನ ಆಸುಪಾಸು ಬೇಕು. 22 ಎಲ್ಲಿ, 115 ಎಲ್ಲಿ!

ಖಾಲಿ ದಿನ ಬಾಡಿಗೆಗೆ ಬಿಡುವ ಮಾತಿಗೆ ಬರೋಣ. ನಾನು ಅತಿ ಹೆಚ್ಚು ಕೇಳಿದ ಮಾತು ಇದು, ಅತಿ ಹೆಚ್ಚು ಮನೆ ಮುಳುಗಿಸಿದ್ದೂ ಇದೇ. ಬಾಡಿಗೆಗೆ ಬಿಡುವುದು ಗಿಡ ಕಡಿಯುವ ಕೆಲಸದ ಬಾಲವಲ್ಲ, ಅದೇ ಒಂದು ಬೇರೆ ವ್ಯಾಪಾರ. ನಮ್ಮ ಜಿಲ್ಲೆಯಲ್ಲಿ ತಿಂಗಳುಗಟ್ಟಲೆ ಕ್ರೇನ್ ಹಿಡಿಯುವವರು ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆದಾರರು. ಅವರ ಗೇಟಿನಲ್ಲಿ ಮೊದಲು ಕೇಳುವುದು ಕಾಗದ. ಕಾರ್ಖಾನೆಯ ಸುರಕ್ಷತಾ ನಿಯಮದ ಪ್ರಕಾರ ಭಾರ ಎತ್ತುವ ಯಂತ್ರವನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ತಪಾಸಣೆ ಮಾಡಿಸಿರಬೇಕು. ಆ ಪ್ರಮಾಣಪತ್ರ, ಆಪರೇಟರ್ ಲೈಸೆನ್ಸ್, ವಿಮೆ ಎಲ್ಲ ಸರಿಯಿದ್ದರೆ ಒಳಗೆ ಬಿಡುತ್ತಾರೆ. ಬಿಲ್ಲಿನ ರೊಕ್ಕ ಕೈಗೆ ಬರಲು ಎರಡು ತಿಂಗಳು, ಕೆಲವೊಮ್ಮೆ ಮೂರು. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳು ತಪ್ಪದೆ ಬರುತ್ತದೆ. ಬಾಡಿಗೆ ಆದಾಯ ಸೇರಿ ನಿಮ್ಮ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಮಾಡಿಸಬೇಕು.

ಇದೆಲ್ಲ ಆದರೂ ಹೇಗೋ ನಿಭಾಯಿಸಿದಿರಿ ಎನ್ನಿ. ಏಪ್ರಿಲ್‌ನಲ್ಲಿ ನಿಮ್ಮ ಕ್ರೇನ್ ಸೇಡಂಗೆ ತಿಂಗಳ ಗುತ್ತಿಗೆಗೆ ಹೋಯಿತು. ಮೇ ಮೊದಲ ವಾರ ಸಂಜೆ ನಾಲ್ಕಕ್ಕೆ ಗಾಳಿ ಎದ್ದು ಬ್ರಹ್ಮಪುರದಲ್ಲಿ ಬೇವಿನ ಗಿಡ ಮನೆ ಮೇಲೆ ಬಿತ್ತು. ಆಗ ಯಾರ ಕ್ರೇನ್ ಕರೆಯುತ್ತೀರಿ? ನಿಮ್ಮದೇ ಕ್ರೇನ್ ನಿಮಗೆ ಸಿಗುವುದಿಲ್ಲ. ಕಳೆದ ವರ್ಷ ಕೈಬಿಟ್ಟ ಆ ಮೂರು ಕೆಲಸಗಳೇ ನಿಮ್ಮನ್ನು ಕೊಳ್ಳುವ ಯೋಚನೆಗೆ ತಂದವು. ಕೊಂಡ ಮೇಲೂ ಅವು ಕೈಬಿಡುತ್ತವೆ.

ಇನ್ನೊಂದು ಮಾತನ್ನು ಎಲ್ಲರೂ ನಂಬಿದ್ದಾರೆ: 14 ಟನ್ ಹೈಡ್ರಾ 14 ಟನ್ ಎತ್ತುತ್ತದೆ ಎನ್ನುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಹುಡುಗರ ಜೀವ ಇದರ ಮೇಲಿದೆ. ಆ 14 ಟನ್ ಎನ್ನುವುದು ಬೂಮ್, ಅಂದರೆ ಕ್ರೇನಿನ ಉದ್ದ ತೋಳು, ಪೂರ್ತಿ ಒಳಗಿದ್ದು, ಭಾರ ಮುಂದಿನ ಗಾಲಿಗಳಿಗೆ ಅಂಟಿಕೊಂಡಷ್ಟು ಹತ್ತಿರ ಇದ್ದಾಗಿನ ಮಾತು. ಬೂಮ್ ಚಾಚಿದಂತೆಲ್ಲ ಮಿತಿ ಕುಸಿಯುತ್ತದೆ. ದೂರ ಎರಡರಷ್ಟಾದರೆ ಎತ್ತುವ ಶಕ್ತಿ ಅರ್ಧಕ್ಕೂ ಕೆಳಗೆ ಬರುತ್ತದೆ. ಗಿಡದ ಕೆಲಸದಲ್ಲಿ ಬೂಮ್ ಯಾವಾಗಲೂ ಚಾಚಿಯೇ ಇರುತ್ತದೆ. ಕಂಪೌಂಡ್ ಗೋಡೆಯ ಆಚೆ, ಮನೆಯ ಛಾವಣಿಯ ಮೇಲೆ. ಎಷ್ಟು ದೂರಕ್ಕೆ ಎಷ್ಟು ಭಾರ ಎತ್ತಬಹುದು ಎಂದು ತೋರಿಸುವ ಲೋಡ್ ಚಾರ್ಟನ್ನು ಕ್ಯಾಬಿನ್ನಿನಲ್ಲಿ ಅಂಟಿಸಿರುತ್ತಾರೆ. ಅದು ಕಿತ್ತುಹೋಗಿದ್ದರೆ ಆ ಕ್ರೇನನ್ನು ವಾಪಸ್ ಕಳಿಸಿ.

ಭಾರ ಅಂದಾಜು ಮಾಡಲು ಒಂದು ಸುಲಭ ಲೆಕ್ಕ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಟೇಪಿನಿಂದ ಬೊಡ್ಡಿಯ ಸುತ್ತಳತೆ ಮೀಟರಿನಲ್ಲಿ ಅಳೆಯಿರಿ. ಆ ಅಂಕಿಯನ್ನು ಅದರಿಂದಲೇ ಗುಣಿಸಿ, ಮತ್ತೆ 80ರಿಂದ ಗುಣಿಸಿ. ಹಸಿ ಬೇವಿನ ಬೊಡ್ಡಿ ಒಂದು ಮೀಟರ್ ಉದ್ದಕ್ಕೆ ಸುಮಾರು ಅಷ್ಟು ಕಿಲೋ ತೂಗುತ್ತದೆ. ಸುತ್ತಳತೆ ಎರಡು ಮೀಟರ್ ಇದ್ದರೆ ಮೀಟರಿಗೆ 320 ಕಿಲೋ. ಎರಡೂವರೆ ಇದ್ದರೆ 500. ಹುಣಸೆಯಾದರೆ ಇನ್ನೂ ಐದನೇ ಒಂದು ಪಾಲು ಸೇರಿಸಿ. ಟೊಂಗಿ, ಎಲೆ ಇದ್ದರೆ ಅದರ ಭಾರ ಬೇರೆ.

ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. ಚಿತ್ತಾಪುರದ ಕಡೆ ಒಂದು ಅಂಗಳದಲ್ಲಿ ಹಳೆಯ ಹುಣಸೆ ಗಿಡ ತೆಗೆಯುವಾಗ ನಾನೇ ಉಸ್ತುವಾರಿ ಇದ್ದೆ. ನಾಲ್ಕು ಮೀಟರ್ ಬೊಡ್ಡಿಯನ್ನು ಒಂದೇ ತುಂಡಾಗಿ ಎತ್ತೋಣ, ಸಾಮಿಲ್‌ನಲ್ಲಿ ಉದ್ದ ತುಂಡಿಗೆ ಬೆಲೆ ಜಾಸ್ತಿ ಎಂದರು. "ಒಂದು ಟನ್ ಇರಬಹುದು" ಎಂದು ಕಣ್ಣಂದಾಜಿನಲ್ಲಿ ನಾನು ಒಪ್ಪಿದೆ. ಅದು ಎರಡು ಟನ್ ಮೀರಿತ್ತು. ಬೊಡ್ಡಿ ನೆಲ ಬಿಟ್ಟಿತು, ಆಪರೇಟರ್ ಟ್ರಾಲಿ ಕಡೆಗೆ ಸ್ಟೇರಿಂಗ್ ತಿರುಗಿಸಿದ, ಹಿಂದಿನ ಗಾಲಿಗಳು ಮೊಳದಷ್ಟು ಮೇಲೆದ್ದವು. ಅವನು ಹೆದರಿ ಭಾರವನ್ನು ಒಮ್ಮೆಲೇ ಕೆಳಗೆ ಬಿಟ್ಟ. ಗೋಡೆ ಹೋಯಿತು. ಆ ಗೋಡೆಯ ನೆರಳಲ್ಲಿ ಐದು ನಿಮಿಷದ ಹಿಂದೆ ಇಬ್ಬರು ಹುಡುಗರು ಕೂತು ನೀರು ಕುಡಿಯುತ್ತಿದ್ದರು. ಇಷ್ಟು ವರ್ಷ ಆದ ಮೇಲೂ ಆ ಜಾಗ ನನ್ನ ಕಣ್ಣಮುಂದಿದೆ.

ತಪ್ಪು ನನ್ನದು, ಭಾರ ಅಳೆಯಲಿಲ್ಲ. ಆದರೆ ಹೈಡ್ರಾದ ಗುಣವೂ ಅಲ್ಲಿ ಕೆಲಸ ಮಾಡಿತ್ತು. ಹೈಡ್ರಾಕ್ಕೆ ನೆಲಕ್ಕೆ ಊರಿ ನಿಲ್ಲುವ ಜ್ಯಾಕ್ ಇಲ್ಲ, ಟಯರ್ ಮೇಲೆಯೇ ನಿಲ್ಲುತ್ತದೆ. ಬೂಮ್ ಸುತ್ತ ತಿರುಗುವುದಿಲ್ಲ. ತಿರುಗಿಸಬೇಕೆಂದರೆ ಇಡೀ ಗಾಡಿಯನ್ನೇ ನಡುವಿನಲ್ಲಿ ಮುರಿದಂತೆ ತಿರುಗಿಸಬೇಕು. ಹಾಗೆ ತಿರುಗಿದಾಗ ಹಿಂಬದಿಯ ಸಮತೋಲನದ ಭಾರ ಪಕ್ಕಕ್ಕೆ ಸರಿಯುತ್ತದೆ, ಎತ್ತಿದ ಭಾರಕ್ಕೆ ಎದುರಾಗಿ ನಿಲ್ಲುವುದಿಲ್ಲ. ನೆಲ ಸ್ವಲ್ಪ ಇಳಿಜಾರಿದ್ದರೂ ಸಾಕು, ಮಗುಚುತ್ತದೆ. ಕಾರ್ಖಾನೆಯ ಕಾಂಕ್ರೀಟ್ ನೆಲದಲ್ಲಿ ಸಾಮಾನು ಒಯ್ದು ಇಡಲು ಅದು ಒಳ್ಳೆಯ ಯಂತ್ರ. ಮನೆಯ ಹಿಂದಿನ ಗಿಡವನ್ನು ಛಾವಣಿಯ ಮೇಲಿಂದ ದಾಟಿಸಲು ಜ್ಯಾಕ್ ಊರಿ ನಿಂತು ಸುತ್ತ ತಿರುಗುವ ಲಾರಿ ಕ್ರೇನ್ ಬೇಕು. ಬಾಡಿಗೆಗೆ ತರುವವರಿಗೆ ಇರುವ ದೊಡ್ಡ ಅನುಕೂಲವೇ ಇದು: ಕೆಲಸಕ್ಕೆ ತಕ್ಕ ಯಂತ್ರ ತರಿಸಬಹುದು. ಸ್ವಂತ ಹೈಡ್ರಾ ಇದ್ದವರು ಎಲ್ಲ ಕೆಲಸಕ್ಕೂ ಅದನ್ನೇ ತಳ್ಳುತ್ತಾರೆ. ಕಂತು ಕಟ್ಟುತ್ತಿರುವ ಯಂತ್ರ ಮನೆಮುಂದೆ ನಿಂತಿರುವಾಗ ಬೇರೆ ಕ್ರೇನಿಗೆ ರೊಕ್ಕ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ನೆಲದ ವಿಷಯದಲ್ಲಿ ನಮ್ಮ ಊರಿನ ಗುಣ ನಿಮಗೆ ಗೊತ್ತೇ ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಕಂಡರೂ ಒಳಗೆಲ್ಲ ಬಿರುಕು. ರೋಹಿಣಿ ಮಳೆ ಬಿದ್ದ ಮರುದಿನ ಅದರ ಮೇಲೆ ಕ್ರೇನ್ ನಿಲ್ಲಿಸುವುದು ಮೊಸರಿನ ಮೇಲೆ ನಿಲ್ಲಿಸಿದಂತೆ. ಹಳೆಯ ಓಣಿಗಳ ಅಂಗಳದಲ್ಲಿ ಶಹಾಬಾದ್ ಫರಸಿ ಹಾಸಿರುತ್ತಾರೆ, ಗಾಲಿಯ ಭಾರಕ್ಕೆ ಅದು ಪಟಪಟನೆ ಸೀಳುತ್ತದೆ. ಅದರಡಿ ಸೆಪ್ಟಿಕ್ ಟ್ಯಾಂಕ್ ಇದೆಯೇ ಎಂದು ಮನೆಯವರನ್ನು ಕೇಳದೆ ಒಂದಡಿಯೂ ಒಳಗೆ ಬಿಡಬೇಡಿ. ದಪ್ಪ ಹಲಗೆಗಳನ್ನು ನಿಮ್ಮ ಗಾಡಿಯಲ್ಲೇ ಇಟ್ಟುಕೊಳ್ಳಿ.

ತಂತಿಯ ಹತ್ತಿರದ ಕೆಲಸಕ್ಕೆ ಜೆಸ್ಕಾಂ ಸೆಕ್ಷನ್ ಆಫೀಸಿನಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸಿದ ಅನುಮತಿ) ತೆಗೆದುಕೊಳ್ಳದೆ ಬೂಮ್ ಎತ್ತಿಸಬೇಡಿ. 11 ಕೆವಿ ಲೈನಿಗೆ ಬೂಮ್ ತಾಗಲೇಬೇಕೆಂದಿಲ್ಲ, ಹತ್ತಿರ ಹೋದರೂ ಹಾರುತ್ತದೆ. ಮೂರು ಮೀಟರ್ ಒಳಗೆ ಯಾವ ಕಾರಣಕ್ಕೂ ಬೇಡ. ಹೈಡ್ರಾದ ಹುಕ್ಕಿಗೆ ಬುಟ್ಟಿ ಕಟ್ಟಿ ಮನುಷ್ಯರನ್ನು ಎತ್ತುವುದನ್ನು ನಾನು ಊರಲ್ಲೆಲ್ಲ ನೋಡುತ್ತಿದ್ದೇನೆ. ದಯವಿಟ್ಟು ಬಿಟ್ಟುಬಿಡಿ. ಮನುಷ್ಯರನ್ನು ಎತ್ತಲು ಬೂಮ್ ಲಿಫ್ಟ್ ಇದೆ, ಅದೂ ಬಾಡಿಗೆಗೆ ಸಿಗುತ್ತದೆ.

ಎಂಟೂವರೆ ಲಕ್ಷದ ಹಳೆಯ ಯಂತ್ರದ ಬಗ್ಗೆ: ಕಂತು ಕಡಿಮೆ, ತಲೆನೋವು ಹೆಚ್ಚು. ನೋಡಲೇಬೇಕೆಂದಿದ್ದರೆ ಹೀಗೆ ನೋಡಿ. ಚಾರ್ಟಿನ ಮಿತಿಯೊಳಗಿನ ಭಾರ ಎತ್ತಿಸಿ, ಎಂಜಿನ್ ಆಫ್ ಮಾಡಿಸಿ, ಭಾರದ ತಳ ನೆಲದಿಂದ ಎಷ್ಟು ಮೇಲಿದೆ ಎಂದು ಗುರುತು ಹಾಕಿ ಹತ್ತು ನಿಮಿಷ ದೂರ ನಿಂತು ಕಾಯಿರಿ. ಭಾರ ತಾನಾಗಿ ಇಳಿದರೆ ಸಿಲಿಂಡರ್ ಸೀಲೋ, ಭಾರ ಹಿಡಿದಿಡುವ ವಾಲ್ವೋ ಹೋಗಿರಬಹುದು. ಬೂಮಿನ ಮೇಲೆ ಹೊಸ ಬಣ್ಣ ಕಂಡಲ್ಲಿ ಕೈಯಾಡಿಸಿ, ಅದರಡಿ ವೆಲ್ಡಿಂಗ್ ಗೆರೆ ಸಿಗಬಹುದು. ಬೂಮಿಗೆ ತೇಪೆ ಹಾಕಿದ ಕ್ರೇನನ್ನು ಪುಕ್ಕಟೆ ಕೊಟ್ಟರೂ ತರಬಾರದು. ವಾಯರ್ ರೋಪಿನಲ್ಲಿ ಕಡಿದ ಎಳೆಗಳು, ಹುಕ್ಕಿನ ಚಿಲಕ, ತಂತಿ ಕಿತ್ತು ಬಿಟ್ಟ ಲಿಮಿಟ್ ಸ್ವಿಚ್ (ಹುಕ್ಕು ಮಿತಿ ಮೀರಿ ಮೇಲೇರದಂತೆ ತಡೆಯುವುದು) ಇವನ್ನೂ ನೋಡಿ. ಆರ್‌ಸಿಯಲ್ಲಿ ಹಳೆಯ ಸಾಲದ ನಮೂದು ಉಳಿದಿದೆಯೇ ಎಂದು ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ, ಮಾರುವವರ ಬಾಯಿಮಾತು ನಂಬಬೇಡಿ.

ವಿಮೆಯಲ್ಲೂ ಒಂದು ಗುಂಡಿ ಇದೆ, ಹೊಸದಕ್ಕೂ ಹಳೆಯದಕ್ಕೂ. ಕ್ರೇನಿಗೆ ಮಾಡಿಸುವ ಸಾಮಾನ್ಯ ವಾಹನ ವಿಮೆ ರಸ್ತೆಯ ಅಪಘಾತಕ್ಕೆ ಸರಿ. ಭಾರ ಎತ್ತುವಾಗ ಮಗುಚಿದರೆ ಆಗುವ ಹಾನಿ ಅದರಲ್ಲಿ ತಾನಾಗಿ ಬರುವುದಿಲ್ಲ, ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳಬೇಕು. ಬಾಡಿಗೆ ಕ್ರೇನ್ ತರುವಾಗಲೂ ಮಾಲೀಕರ ಪಾಲಿಸಿಯಲ್ಲಿ ಇದು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಮಗುಚಿದ ದಿನ ಜಗಳ ನಿಮ್ಮಿಬ್ಬರ ನಡುವೆ ಶುರುವಾಗುತ್ತದೆ.

ಹಾಗಾದರೆ ಮೇ ತಿಂಗಳಿಗೆ ಏನು ಮಾಡಬೇಕು? ನೀವು ಈಗ ಕೆಲಸ ಬಂದ ಮೇಲೆ ಫೋನ್ ಹಚ್ಚುತ್ತಿದ್ದೀರಿ. ಆ ಹೊತ್ತಿಗೆ ಊರಿನವರೆಲ್ಲ ಅದೇ ನಂಬರಿಗೆ ಹಚ್ಚುತ್ತಿರುತ್ತಾರೆ. ಶರಣಬಸವೇಶ್ವರರ ಜಾತ್ರೆ ಮುಗಿದ ವಾರವೇ ಇಬ್ಬರು ಮಾಲೀಕರ ಜೊತೆ ಕೂತು ಮಾತಾಡಿ. ಕಪನೂರ ಕೈಗಾರಿಕಾ ಪ್ರದೇಶದ ಕಡೆ ಒಬ್ಬರು, ಶಹಾಬಾದ್–ವಾಡಿ ಕಡೆಯವರು ಇನ್ನೊಬ್ಬರು ಇರಲಿ. ಒಬ್ಬರದು ಹೈಡ್ರಾ, ಇನ್ನೊಬ್ಬರದು ಲಾರಿ ಕ್ರೇನ್ ಆದರೆ ಮತ್ತೂ ಒಳ್ಳೆಯದು. ಏಪ್ರಿಲ್ ಮಧ್ಯದಿಂದ ಮಿರ್ಗ (ಮೃಗಶಿರಾ ಮಳೆ) ಕೂಡುವವರೆಗೆ ತಿಂಗಳಿಗೆ ಇಷ್ಟು ತಾಸು ನಾನು ಖಂಡಿತ ತೆಗೆದುಕೊಳ್ಳುತ್ತೇನೆ, ಓಡಿಸದಿದ್ದರೂ ರೊಕ್ಕ ಕೊಡುತ್ತೇನೆ, ಕರೆದಾಗ ಮೊದಲು ನನಗೆ ಎಂದು ಒಪ್ಪಂದ ಮಾಡಿಕೊಳ್ಳಿ. 40 ತಾಸು ಎಂದರೂ ತಿಂಗಳಿಗೆ 48,000. ಎರಡು ತಿಂಗಳಿಗೆ ಒಂದು ಲಕ್ಷದೊಳಗೆ ನಿಮ್ಮ ಚಿಂತೆಯ ಮುಕ್ಕಾಲು ಪಾಲು ಹೋಗುತ್ತದೆ, ಅದರಲ್ಲೂ ಹೆಚ್ಚಿನದು ಹೇಗಿದ್ದರೂ ನೀವು ಕೊಡುತ್ತಿದ್ದ ಬಾಡಿಗೆಯೇ. ಕಾಯುವ ಹೊತ್ತಿಗೆ ಎಷ್ಟು, ಕೆಟ್ಟು ನಿಂತರೆ ಬದಲಿ ಯಾರದು, ಹಾನಿಯಾದರೆ ಯಾರು ಹೊಣೆ ಎಂಬುದನ್ನು ಕಾಗದದಲ್ಲಿ ಬರೆಸಿ.

ಅದೇ ಆಪರೇಟರ್ ಬರಲಿ ಎಂದೂ ಕೇಳಿ. ಕಬ್ಬಿಣ ಎತ್ತಿ ಅಭ್ಯಾಸವಾದವನಿಗೆ ಗಿಡ ಅರ್ಥವಾಗಲು ಹತ್ತು ಕೆಲಸ ಬೇಕು. ಕಬ್ಬಿಣ ಎತ್ತುವ ಮೊದಲೇ ಬಿಡಿಯಾಗಿರುತ್ತದೆ. ಟೊಂಗಿ ಗರಗಸ ದಾಟಿದ ಕ್ಷಣ ಬಿಡಿಯಾಗುತ್ತದೆ, ಎಲ್ಲ ಭಾರ ಒಮ್ಮೆಲೇ ಹುಕ್ಕಿಗೆ ಬೀಳುತ್ತದೆ. ಕೊಯ್ಯುವ ಮೊದಲು ಟೊಂಗಿಗೆ ಕಟ್ಟಿದ ಬೆಲ್ಟ್ ಬಿಗಿಯಾಗುವಷ್ಟೇ ಎಳೆದು ನಿಲ್ಲಿಸಬೇಕು, ಪೂರ್ತಿ ಕೊಯ್ಯದ ಟೊಂಗಿಯನ್ನು ಕ್ರೇನಿನಿಂದ ಜಗ್ಗಬಾರದು. ಇದು ತಿಳಿದ ಒಬ್ಬ ಆಪರೇಟರ್ ನಿಮಗೆ ಹೊಸ ಯಂತ್ರಕ್ಕಿಂತ ದೊಡ್ಡ ಆಸ್ತಿ. ಅವನಿಗೆ ಊಟ, ಭತ್ಯೆ ಎಂದು ಕೈಬಿಚ್ಚಿ ಕೊಡಿ.

ಕೆಲಸದ ದಿನ ಕ್ರೇನ್ ಬೆಳಗ್ಗೆ ಆರಕ್ಕೆ ಬಂದಿರಲಿ. ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ಹೈಡ್ರಾಲಿಕ್ ಎಣ್ಣೆ ಕುದಿಯುತ್ತದೆ, ಸಂಜೆ ಗಾಳಿ ಏಳುತ್ತದೆ. ಎಲೆ ತುಂಬಿದ ಟೊಂಗಿ ಹುಕ್ಕಿನಲ್ಲಿ ತೂಗುವಾಗ ಗಾಳಿ ಹೊಡೆದರೆ ಅದು ಹಾಯಿ ಇದ್ದಂತೆ. ಇನ್ನು ಬೇವು, ಹುಣಸೆಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಕೈಗೆ ಬರುವವರೆಗೆ ಕ್ರೇನಿಗೆ ದಿನ ಕೊಡಬೇಡಿ.

ನಿಮ್ಮ ಪತ್ರದಲ್ಲಿ ಟ್ರಾಲಿ ಬಾಡಿಗೆಯ ಒಂದು ಸಾಲು ಬಂದಿದೆ, ನನ್ನ ಗಮನ ಅಲ್ಲೇ ನಿಂತಿತು. ಮುಂದೆ ಎಂದಾದರೂ ಯಂತ್ರ ಕೊಳ್ಳುವುದೇ ಆದರೆ ಹೈಡ್ರಾ ಬಿಟ್ಟು, ಹಿಂದೆ ಸಣ್ಣ ಕ್ರೇನ್ ಕೂಡಿಸಿದ ಲಾರಿಯನ್ನು ವಿಚಾರಿಸಿ. ಜ್ಯಾಕ್ ಊರಿ ನಿಲ್ಲುತ್ತದೆ, ಸುತ್ತ ತಿರುಗುತ್ತದೆ, ಎತ್ತಿದ ಕಟ್ಟಿಗೆಯನ್ನು ತಾನೇ ಹೊತ್ತು ಸಾಮಿಲ್‌ಗೆ ಒಯ್ಯುತ್ತದೆ. ದೊಡ್ಡ ಬೊಡ್ಡಿಗೆ ಸಾಲದು, ಅದಕ್ಕೆ ಬಾಡಿಗೆ ಕ್ರೇನ್ ಇದ್ದೇ ಇದೆ. ಕೊಳ್ಳುವ ಮೊದಲು ಲಾರಿಯ ಮೇಲೆ ಕ್ರೇನ್ ಕೂಡಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು. ಈ ವರ್ಷವೇ ಬೇಡ. ಒಂದು ಡೈರಿ ಇಟ್ಟು, ಪ್ರತಿ ಕೆಲಸಕ್ಕೂ ಕ್ರೇನ್ ಎಷ್ಟು ತಾಸು, ಎಷ್ಟು ದೂರ ಚಾಚಿತು, ಅತಿ ದೊಡ್ಡ ತುಂಡು ಎಷ್ಟು ಕಿಲೋ, ಟ್ರಾಲಿ ಎಷ್ಟು ಸುತ್ತು ಎಂದು ಬರೆಯಿರಿ. ಮುಂದಿನ ಜಾತ್ರೆ ಹೊತ್ತಿಗೆ ಯಾವ ಯಂತ್ರ ಬೇಕು ಎಂಬುದು ಆ ಪುಟಗಳಲ್ಲೇ ಕಾಣುತ್ತದೆ.

ಮನೆಯವರ ಬಂಗಾರ ಮನೆಯಲ್ಲೇ ಇರಲಿ. ಈ ಸಲದ ಗಳಿಕೆಯಿಂದ ಕೆಲವು ಸಾವಿರ ತೆಗೆದು ಒಳ್ಳೆಯ ಪಾಲಿಯೆಸ್ಟರ್ ಬೆಲ್ಟುಗಳನ್ನು ತನ್ನಿ. ಬಣ್ಣ ನೋಡಿ ಕೊಳ್ಳಿ: ಹಸಿರು ಎರಡು ಟನ್ನಿನದು, ಹಳದಿ ಮೂರು, ಕೆಂಪು ಐದು. ಬೊಡ್ಡಿಗೆ ಉರುಳು ಹಾಕಿ ಬಿಗಿದಾಗ ಐದನೇ ಒಂದು ಪಾಲು ಶಕ್ತಿ ಕಡಿಮೆ ಹಿಡಿಯಿರಿ. ಜೊತೆಗೆ ಬೆಲ್ಟನ್ನು ಹುಕ್ಕಿಗೆ ಸೇರಿಸುವ ಡಿ-ಶ್ಯಾಕಲ್ ಕೊಂಡಿಗಳು, ಒಂದು ಜೊತೆ ವಾಕಿಟಾಕಿ. ಆರೂ ಮಂದಿಗೆ ಕಾರ್ಮಿಕ ಪರಿಹಾರ ವಿಮೆ ಮಾಡಿಸಿ. ಅದು ಆಗುವವರೆಗೆ ಕನಿಷ್ಠ ಬ್ಯಾಂಕಿಗೆ ಕರೆದೊಯ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎರಡು ಲಕ್ಷ. ಹಗ್ಗ ಕಟ್ಟಿ ಮೇಲೆ ಹತ್ತುವ ಆ ಇಬ್ಬರದು ಮೊದಲು, ಈ ವಾರವೇ ಮಾಡಿಸಿ.